ಜಾಲಪುಟಗಳ ಕ್ರಮಸೂಚನೆ: ಮರೆಗೆ ಸಂದ ಒಂದು ಉಪಕರಣ

ಬಿಡಿ ಪುಟಗಳ ರಾಶಿಯನ್ನು ಯಾರೂ ಗ್ರಂಥವೆನ್ನುವುದಿಲ್ಲ. ಅವುಗಳಿಗೆ ಒಂದು ಕ್ರಮವಿರಬೇಕು. ಓಲೆಗರಿಯ ಕಾಲದ ಲಿಪಿಕಾರರು ಇದನ್ನು ಚೆನ್ನಾಗಿ ಅರಿತಿದ್ದರು. ಗರಿಗಳ ರಂಧ್ರದಲ್ಲಿ ದಾರವನ್ನು ಪೋಣಿಸಿದರೂ ಗರಿಗಳ ಮೇಲೆ ಅಂಕೆಯನ್ನೂ ಬರೆಯುತ್ತಿದ್ದರು. ದಾರ ಹರಿದು ಗರಿಗಳು ಚೆದುರಿದರೆ ಆ ಅಂಕೆಯ ಬಲದಿಂದ ಕಟ್ಟನ್ನು ಮರಳಿ ಜೋಡಿಸಬಹುದಾಗಿತ್ತು. ಗಣಕಯಂತ್ರದ ಯುಗದಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ತಲೆದೋರಿತು. ಜಾಲತಾಣದ ಪುಟಗಳಿಗೆ ದಾರವಿಲ್ಲ. ಓದುಗನು ನೇರವಾಗಿ ನಡುವಣ ಪುಟಕ್ಕೇ ಬಂದಿಳಿಯಬಹುದು. ಅವನಿಗೆ ಹಿಂದುಮುಂದನ್ನು ತೋರಿಸುವವರು ಯಾರು?

ಬ್ರೌಸರಿನಲ್ಲಿರುವ 'ಹಿಂದೆ' ಎಂಬ ಗುಂಡಿ ಇದಕ್ಕೆ ಉತ್ತರವಾಗಲಾರದು. ಅದು ಓದುಗನು ನಡೆದುಬಂದ ದಾರಿಯನ್ನು ಬಲ್ಲುದೇ ಹೊರತು ಗ್ರಂಥದ ಕ್ರಮವನ್ನಲ್ಲ. ಬೇರೆಲ್ಲಿಂದಲೋ ಐದನೆಯ ಅಧ್ಯಾಯಕ್ಕೆ ಬಂದವನು ಅದನ್ನು ಒತ್ತಿದರೆ ನಾಲ್ಕನೆಯ ಅಧ್ಯಾಯ ದೊರೆಯುವುದಿಲ್ಲ, ಬಂದಲ್ಲಿಗೇ ಮರಳುತ್ತಾನೆ.

ಈ ಕೊರತೆಯನ್ನು ನೀಗುವ ವ್ಯವಸ್ಥೆಯೊಂದು ಪುಟರಚನೆಯ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿಯೇ ಇದ್ದಿತು. ಪುಟದ ಶಿರೋಭಾಗದಲ್ಲಿ, ಓದುಗನ ಕಣ್ಣಿಗೆ ಬೀಳದ ಎಡೆಯಲ್ಲಿ, 'ಲಿಂಕ್' ಎಂಬ ಸಂಕೇತದ ಮೂಲಕ ಇತರ ಪುಟಗಳೊಡನೆ ಅದಕ್ಕಿರುವ ಸಂಬಂಧವನ್ನು ಬರೆದಿಡಬಹುದು. 1997ರ ಡಿಸೆಂಬರಿನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 4.0 ಆವೃತ್ತಿಯು ಆರಂಭ, ಹಿಂದಿನದು, ಮುಂದಿನದು, ಪರಿವಿಡಿ, ಅಕಾರಾದಿ, ಪದಕೋಶ, ಅಧ್ಯಾಯ, ಅನುಬಂಧ ಮೊದಲಾದ ಸಂಬಂಧಗಳನ್ನು ಹೆಸರಿಸಿತು. ಮುದ್ರಿತ ಗ್ರಂಥದ ಅಂಗಗಳೇ ಇಲ್ಲಿ ಹೊಸ ಮಾಧ್ಯಮಕ್ಕೆ ಬಂದುವೆನ್ನಬಹುದು.

ಈ ಗುಪ್ತಸೂಚನೆಗಳನ್ನು ಓದಿ ಗುಂಡಿಗಳಾಗಿ ತೋರಿಸುವ ಟೂಲ್‌ಬಾರ್‌ಗಳು ಕೆಲವು ಬ್ರೌಸರುಗಳಲ್ಲಿ ಮಾತ್ರ ಇದ್ದುವು. ಮೊಜಿಲ್ಲಾ ಬ್ರೌಸರಿನಲ್ಲಿ ಇದಕ್ಕಾಗಿ ಪ್ರತ್ಯೇಕ ಪಟ್ಟಿಯೊಂದಿತ್ತು. ಅಗತ್ಯವಿದ್ದಾಗ ಮಾತ್ರ ಅದು ಕಾಣುವಂತೆ ಮಾಡಿಕೊಳ್ಳಬಹುದಾಗಿತ್ತು. 2003ರಲ್ಲಿ ಹೊರಬಂದ ಒಪೇರಾ 7ರಲ್ಲಿಯೂ ಇಂತಹ ಪಟ್ಟಿಯಿತ್ತು. ಅಕ್ಷರಗಳನ್ನು ಮಾತ್ರ ತೋರಿಸುವ ಲಿಂಕ್ಸ್ ಎಂಬ ಹಳೆಯ ಬ್ರೌಸರು ಈ ಸೂಚನೆಗಳನ್ನು ಪುಟದ ತಲೆಯ ಮೇಲೆಯೇ ಮೂಡಿಸುತ್ತದೆ. ಇದರ ಪ್ರಯೋಜನ ಸ್ಪಷ್ಟವಾದುದು. ತಾಣ ಯಾವುದೇ ಇರಲಿ, 'ಮುಂದಿನದು' ಎಂಬ ಗುಂಡಿ ಸದಾ ಒಂದೇ ಸ್ಥಳದಲ್ಲಿರುತ್ತದೆ. ಓದುಗನು ಪ್ರತಿ ತಾಣದಲ್ಲಿಯೂ ಹೊಸದಾಗಿ ದಾರಿಯನ್ನು ಅರಸಬೇಕಾಗಿಲ್ಲ.

ಇಷ್ಟು ಉಪಯುಕ್ತವಾದ ಉಪಕರಣ ಮರೆಗೆ ಸಂದುದೇಕೆ? ಪುಟ ರಚಿಸುವವರಲ್ಲಿ ಬಹುಮಂದಿ ಕಣ್ಣಿಗೆ ಕಾಣದ ಸೂಚನೆಯನ್ನು ಬರೆಯುವ ಶ್ರಮ ವಹಿಸಲಿಲ್ಲ. ಸೂಚನೆಯಿಲ್ಲದೆ ಪಟ್ಟಿ ಬರಿದಾಗಿ ತೋರಿತು. ಬರಿದಾದ ಪಟ್ಟಿಯನ್ನು ಬ್ರೌಸರು ನಿರ್ಮಿಸುವವರು ಆದರಿಸಲಿಲ್ಲ. ಪಟ್ಟಿಯೇ ಇಲ್ಲವಾದಾಗ ಬರೆಯುವವರ ಉತ್ಸಾಹ ಮತ್ತೂ ಕುಗ್ಗಿತು. 2004ರಲ್ಲಿ ಬಂದ ಫೈರ್‌ಫಾಕ್ಸ್ 1.0 ಅದನ್ನು ಒಳಗೊಳ್ಳಲಿಲ್ಲ. 2013ರಲ್ಲಿ ಒಪೇರಾ ತನ್ನ ಒಳರಚನೆಯನ್ನು ಬದಲಿಸಿದಾಗ ಅಲ್ಲಿಯೂ ಅದು ಲೋಪವಾಯಿತು. 2014ರ ಎಚ್‌ಟಿಎಂಎಲ್ 5ರಲ್ಲಿ ಹಿಂದಿನದು, ಮುಂದಿನದು ಎಂಬ ಸಂಬಂಧಗಳು ಉಳಿದುವು. ಪರಿವಿಡಿ, ಅಧ್ಯಾಯ, ಪದಕೋಶಗಳಿಗೆ ಎಡೆ ದೊರೆಯಲಿಲ್ಲ. ಮೊಜಿಲ್ಲಾದ ಪರಂಪರೆಯನ್ನು ಮುಂದುವರಿಸಿರುವ ಸೀಮಂಕಿ ಬ್ರೌಸರಿನಲ್ಲಿ ಮಾತ್ರ ಆ ಹಳೆಯ ಪಟ್ಟಿ ಉಳಿದುಕೊಂಡಿದೆ.

ಶಾಲೆಗಳೂ ಮಠಗಳೂ ತಮ್ಮ ಪ್ರಕಟಣೆಗಳನ್ನು ಜಾಲಕ್ಕೆ ಏರಿಸುತ್ತಿರುವ ಈ ದಿನಗಳಲ್ಲಿ ಈ ಇತಿಹಾಸ ವಿಚಾರಾರ್ಹವಾದುದು. ಪುಟಗಳನ್ನು ಏರಿಸಿದ ಮಾತ್ರಕ್ಕೆ ಗ್ರಂಥವನ್ನು ಏರಿಸಿದಂತಾಗದು. ಪ್ರತಿ ಪುಟದ ಶಿರೋಭಾಗದಲ್ಲಿ ಹಿಂದುಮುಂದಿನ ಪುಟಗಳ ಸೂಚನೆಯನ್ನೂ, ಕಾಣುವ ಭಾಗದಲ್ಲಿ ಪರಿವಿಡಿಗೆ ಹೋಗುವ ದಾರಿಯನ್ನೂ ಬರೆದಿಡುವುದು ಅವಶ್ಯ. ಇಂದಿನ ಬ್ರೌಸರು ಅದನ್ನು ತೋರಿಸದಿದ್ದರೂ, ತಾಣ ಕೆಟ್ಟು ಪುಟಗಳು ಚೆದುರಿದ ದಿನ ಅವನ್ನು ಮರಳಿ ಜೋಡಿಸುವವರಿಗೆ ಆ ಬರೆಹವೇ ಗರಿಯ ಮೇಲಿನ ಅಂಕೆಯಾಗುತ್ತದೆ.