ಗೋಡೆ ನೀರು ಕುಡಿದ ರಾತ್ರಿ

ನಾನು ತೀರ್ಥಹಳ್ಳಿ ಕಡೆಯವಳು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಸೋಗೆ ಕಟ್ಟಿದ ಗೋಡೆ, ಇಳಿಜಾರು ಹಂಚು, ತೋಟದ ತುಂಬ ಬಸಿಗಾಲುವೆ ನೋಡಿಕೊಂಡೇ ಬೆಳೆದವಳು. ಮಳೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದುಕೊಂಡಿದ್ದೆ.

2009ರಲ್ಲಿ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾಗಿದ್ದೆ. ದೇಶಕ್ಕೇ ಬರ ಬಡಿದ ವರ್ಷ ಅದು. ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ ಹಿಡಿಯಿತು. ಮೊದಲ ದಿನ ಊರಿಗೆ ಊರೇ ಖುಷಿಪಟ್ಟಿತು. ಎರಡನೆಯ ದಿನವೂ ಬಿಡದಿದ್ದಾಗ ಮನೆಯೊಡತಿ ಮಾತು ಕಡಿಮೆ ಮಾಡಿದರು. "ನಮ್ಮ ಕಡೆ ಇದನ್ನು ಮಳೆ ಅಂತಲೇ ಅನ್ನುವುದಿಲ್ಲ" ಎಂದು ನಾನು ಧೈರ್ಯ ಹೇಳಿದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಾನಿದ್ದದ್ದು ಅವರ ಮಾಳಿಗೆ ಮನೆಯಲ್ಲಿ. ತೊಲೆ, ಜಂತಿ, ಮೇಲೆ ಮೊಣಕಾಲುದ್ದ ಮಣ್ಣು. ಬಿಸಿಲಿಗೆ ಅದರಷ್ಟು ತಂಪು ಬೇರೊಂದಿಲ್ಲ. ಒಂದೆರಡು ತಾಸಿನ ಮಳೆಯನ್ನೂ ತಡೆದೀತು. ದಿನಗಟ್ಟಲೆ ಸುರಿದರೆ ಮಾಳಿಗೆಯ ಮಣ್ಣು ನೀರು ಹೀರುತ್ತ ಭಾರವಾಗುತ್ತದೆ, ಹೊರಬೇಕಾದ ಗೋಡೆ ಅದೇ ಹೊತ್ತಿಗೆ ಮೆತ್ತಗಾಗುತ್ತದೆ. ಸಂಜೆ ಜೋಳದ ಚೀಲದ ಮೇಲೆ ಜಂತಿಯ ಸಂದಿನಿಂದ ಕೆಸರು ತೊಟ್ಟಿಕ್ಕತೊಡಗಿತು. ಒಡತಿ ಗೋಡೆಯ ಬುಡಕ್ಕೆ ಬೆರಳೊತ್ತಿದರು. ಮೊದಲ ಗೆಣ್ಣಿನವರೆಗೂ ಹೋಯಿತು.

"ಅಕ್ಕೋರ, ಗ್ವಾಡಿ ನೀರ ಕುಡದೈತಿ. ಇವತ್ತ ಒಳಗ ಮಲಗೂದು ಬ್ಯಾಡ್ರಿ."

ಎತ್ತುಗಳನ್ನು ಬಿಚ್ಚಿಕೊಂಡು ಶಾಲೆಗೆ ಹೋದೆವು. ನಡುರಾತ್ರಿ ಕತ್ತಲಲ್ಲಿ ಮೂಟೆ ಕೆಡವಿದಂಥ ಸದ್ದು, ಒಂದಾದ ಮೇಲೊಂದು. ಬೆಳಿಗ್ಗೆ ನೋಡಿದರೆ ನಾನು ಮಲಗುತ್ತಿದ್ದ ಜಾಗದ ಮೇಲೆ ತೊಲೆ ಬಿದ್ದಿತ್ತು. ಎರೆಹೊಲದಲ್ಲಿ ನೀರು ಇಂಗದೆ ನಿಂತು ಉಳ್ಳಾಗಡ್ಡಿ ಕೊಳೆಯಿತು. ಉತ್ತರ ಕರ್ನಾಟಕದಲ್ಲಿ ಆ ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ 2ಕ್ಕೆ ತುಂಗಭದ್ರೆ ಮಂತ್ರಾಲಯದೊಳಗೆ ನುಗ್ಗಿತ್ತು.

ನಮ್ಮ ಮಲೆನಾಡಿನ ಮಳೆ ಜೂನ್‌ನಿಂದ ಆಗಸ್ಟ್‌ವರೆಗೆ ಅರಬ್ಬಿ ಸಮುದ್ರದಿಂದ ಬಂದು ಘಟ್ಟಕ್ಕೆ ಬಡಿದು ಅಲ್ಲೇ ಖಾಲಿಯಾಗುತ್ತದೆ. ಘಟ್ಟದ ಮರೆಯಲ್ಲಿರುವ ಬಯಲುಸೀಮೆಗೆ ವರ್ಷಕ್ಕೆ ಸುಮಾರು 600 ಮಿ.ಮೀ. ದಕ್ಕೀತು, ಅಲ್ಲಿ ದೊಡ್ಡ ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ. ಹವಾಮಾನ ಇಲಾಖೆ ಒಂದೇ ದಿನದಲ್ಲಿ 204.4 ಮಿ.ಮೀ. ದಾಟಿದ್ದನ್ನು ಅತ್ಯಂತ ಭಾರೀ ಮಳೆ ಎನ್ನುತ್ತದೆ. ಆಗುಂಬೆ ಅಷ್ಟನ್ನು ತಾಳಿಕೊಂಡೀತು. ರೋಣದ ಮಾಳಿಗೆಗೆ ಅದರ ಅರ್ಧವೂ ಹೆಚ್ಚು. ಎಚ್ಚರಿಕೆ ಕೊಡುವಾಗ ಮಿಲಿಮೀಟರಿನ ಜೊತೆಗೆ ಆ ನೆಲ, ಆ ಸೂರು ಎಷ್ಟು ತಡೆಯಬಲ್ಲವು ಎಂಬುದನ್ನೂ ಹೇಳಬೇಕು ಎಂದು ನಾನು ಆವತ್ತಿನಿಂದ ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಮಳೆಗೆ ಒಗ್ಗಿದ ನೆಲ ಸೋಲುವುದಿಲ್ಲ ಎಂಬ ನಂಬಿಕೆ ಮಾತ್ರ ಉಳಿದಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದಾಗ ಅದೂ ಹೋಯಿತು. ಜೂನ್‌ನಿಂದಲೇ ನೆನೆದಿದ್ದ ಗುಡ್ಡ. ರಸ್ತೆಗೂ ಮನೆಗೂ ಅದರ ಬುಡ ಕಡಿದಿದ್ದರು.

ಈಗ ಊರಿಗೆ ಮರಳಿದ್ದೇನೆ. ನಮ್ಮ ಮನೆಯ ಹಿಂದೆಯೂ ಜೆಸಿಬಿ ಕಡಿದ ದರೆಯಿದೆ. ಹೋದ ಮಳೆಗಾಲ ಆಶ್ಲೇಷ ಮಳೆಯ ಮೂರನೆಯ ದಿನ ಅದರ ಬುಡದಲ್ಲಿ ಒಸರುತ್ತಿದ್ದ ತಿಳಿನೀರು ಕೆಂಪಗಾಯಿತು. ಹಿಂದಿನ ಕೋಣೆಯ ಹಾಸಿಗೆ ಸುತ್ತಿಕೊಂಡು ಪಕ್ಕದ ಮನೆಗೆ ಹೊರಟೆ. ಏಕೆಂದು ಮನೆಯವರು ಕೇಳಿದರು.

"ದರೆ ನೀರು ಕುಡಿದಿದೆ" ಎಂದೆ.