ಗಂಜಿ ಶುರುವಾದ ಮೇಲೆ ಡ್ರೇನ್ ನೋಡಿ

ರಾಯಾಪುರದಲ್ಲಿ ಮನೆ ಮಾಡಿಕೊಂಡವರಿಗೆ ಕ್ಯಾನ್ಸರ್ ದೂರದ ಸುದ್ದಿಯಲ್ಲ. ಹುಬ್ಬಳ್ಳಿ ಕಡೆಗೆ ನವನಗರದ ಕ್ಯಾನ್ಸರ್ ಆಸ್ಪತ್ರೆ, ಧಾರವಾಡದ ಕಡೆಗೆ ಸತ್ತೂರಿನ ಎಸ್‌ಡಿಎಂ. ಮೂಗಿಗೆ ನಳಿ ಹಾಕಿಸಿಕೊಂಡವರು ಚಿಗರಿ ಬಸ್ಸಿನಲ್ಲೂ ಕಾಣುತ್ತಾರೆ. ಗುಟ್ಕಾ, ತಂಬಾಕು ತಂದಿಟ್ಟ ಬಾಯಿ ಕ್ಯಾನ್ಸರ್. ನನ್ನ ನರ್ಸಿಂಗ್ ಕೆಲಸದ ಬಹುಪಾಲು ಕಳೆದದ್ದು ಇಂಥವರ ವಾರ್ಡಿನಲ್ಲೇ.

ಬಾಯಿಯ ಗಡ್ಡೆಯ ಜೊತೆಗೆ ಕುತ್ತಿಗೆಯ ಗಂಟುಗಳನ್ನೂ ತೆಗೆಯುತ್ತಾರೆ. ಕರುಳಿನಿಂದ ಕೊಬ್ಬು ಹೊತ್ತು ಬರುವ ದುಗ್ಧನಾಳ ರಕ್ತನಾಳ ಸೇರುವುದು ಅಲ್ಲೇ, ಎಡಗಡೆ ಕಾಲರ್ ಮೂಳೆಯ ಹಿಂದೆ. ಗೋಡೆ ತೆಳು, ದಾರಿ ಒಬ್ಬೊಬ್ಬರಲ್ಲಿ ಒಂದೊಂದು ಥರ. ನುರಿತ ಕೈಯಲ್ಲೂ ನೂರಕ್ಕೆ ಒಂದೆರಡು ಸಲ ಸೋರುತ್ತದೆ. ಬಲಗಡೆ ಆಗುವುದೇ ಇಲ್ಲ ಅಂತೇನಲ್ಲ.

ತೊಂದರೆ ಏನೆಂದರೆ, ಹೊಟ್ಟೆ ಖಾಲಿ ಇದ್ದಾಗ ಆ ನಾಳದಲ್ಲಿ ಹರಿಯುವುದು ತಿಳಿನೀರು. ಆಪರೇಷನ್ ಆದ ಮರುದಿನ, ಕುತ್ತಿಗೆಯ ಗಾಯದ ನೀರನ್ನು ಡಬ್ಬಿಗೆ ಇಳಿಸುವ ಡ್ರೇನ್ ಚೆನ್ನಾಗಿದೆ ಅನ್ನುವುದಕ್ಕೆ ಅರ್ಥವೇ ಇಲ್ಲ. ನಳಿಯಲ್ಲಿ ಹಾಲು, ಗಂಜಿ ಇಳಿದ ಮೇಲೆ ಅದು ಕೊಬ್ಬಿನಿಂದ ಬೆಳ್ಳಗಾಗಿ ನಿಜ ಹೊರಬರುತ್ತದೆ. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿಗೆ ನಾಯಿಯ ಕರುಳಿನ ಬಳಿ ಬಿಳಿ ಎಳೆಗಳು ಕಂಡದ್ದೂ ಆ ನಾಯಿ ಉಂಡಿದ್ದರಿಂದಲೇ.

ಒಮ್ಮೆ ಗಂಡನ ಆರೈಕೆಗೆ ಬಂದಿದ್ದ ಕುಂದಗೋಳ ಕಡೆಯ ಹೆಣ್ಣುಮಗಳೊಬ್ಬಳು ನಸುಕಿನಲ್ಲೇ ಕರೆದಳು: "ಸಿಸ್ಟರ್, ಡಬ್ಬಿಯಾಗ ಮಜ್ಜಿಗಿ ಬಂದಂಗ ಆಗೇತ್ರಿ. ಕೀವು ಏನ್ರಿ?" ಚಾರ್ಟಿನಲ್ಲಿ ಎಂಎಲ್ ಲೆಕ್ಕವಿತ್ತು, ಬಣ್ಣದ ಮಾತಿರಲಿಲ್ಲ. ಡಬ್ಬಿಯನ್ನು ಕಿಟಕಿ ಬೆಳಕಿಗೆ ಹಿಡಿದೆ. ನಾತ ಇಲ್ಲ, ಪೇಷಂಟಿಗೆ ಜ್ವರವೂ ಇಲ್ಲ. ಆದರೆ ಕಡಿಮೆಯಾಗುತ್ತ ಬಂದಿದ್ದ ಡ್ರೇನ್, ಹಾಲು ಕೊಡಲು ಶುರುಮಾಡಿದ ಮೇಲೆ ಏರಿತ್ತು. ಡ್ಯೂಟಿ ಡಾಕ್ಟರು ಸ್ಯಾಂಪಲ್ ಕಳಿಸಿದರು; ಟ್ರೈಗ್ಲಿಸರೈಡ್ 110 ದಾಟಿತ್ತು. ಅಷ್ಟಾದರೆ ಲೀಕ್ ಎಂದೇ ಲೆಕ್ಕ.

ಅಂದೇ ಹಾಲು, ತುಪ್ಪ, ಶೇಂಗಾ ಬಂದ್. ಕೆನೆ ತೆಗೆದ ಹಾಲಿನ ಪುಡಿ, ಬೇಳೆಯ ತಿಳಿಕಟ್ಟು, ಕರುಳಿನಿಂದ ನೇರ ರಕ್ತಕ್ಕೆ ಸೇರುವ ಎಂಸಿಟಿ ಎಣ್ಣೆ, ಕುತ್ತಿಗೆಗೆ ಬಿಗಿಪಟ್ಟಿ. ಬೇಗ ಸಿಕ್ಕ ಸಣ್ಣ ಸೋರಿಕೆ ಹೆಚ್ಚಾಗಿ ಇಷ್ಟಕ್ಕೇ ನಿಲ್ಲುತ್ತದೆ, ಅವನದೂ ನಿಂತಿತು. ದಿನಕ್ಕೆ ಲೀಟರ್‌ಗಟ್ಟಲೆ ಹರಿದರೆ ಮತ್ತೆ ಆಪರೇಷನ್. ಅಷ್ಟರಲ್ಲಿ ಪ್ರೋಟೀನು, ಬಿಳಿ ರಕ್ತಕಣ ಸೋರಿಹೋಗಿ ಗಾಯವೂ ಕೂಡುವುದಿಲ್ಲ. ಊರಿಂದ ತುಪ್ಪ ತಂದಿದ್ದ ಹೆಂಡತಿಯನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಆಮೇಲಿಂದ ನನ್ನ ಶಿಫ್ಟಿನ ಚಾರ್ಟಿನಲ್ಲಿ ಮೂರೂ ಇರಬೇಕು: ಎಷ್ಟು, ಯಾವ ಬಣ್ಣ, ಕೊನೆಗೆ ಏನು ಕುಡಿಸಿದ್ದು. ಡ್ರೇನ್ ತೆಗೆದು ಮನೆಗೆ ಕಳಿಸುವಾಗ ಕಾಲರ್ ಮೂಳೆಯ ಮೇಲಿನ ಗುಳಿಯನ್ನು ಅವರ ಬೆರಳಿನಿಂದಲೇ ಮುಟ್ಟಿಸುತ್ತೇನೆ. ಉಂಡ ಮೇಲೆ ಇಲ್ಲಿ ಉಬ್ಬಿದರೆ, ಕೆಂಪಾದರೆ, ಚೆಕಪ್ ತಾರೀಖಿಗೆ ಕಾಯದೆ ಬರ್ರಿ ಅನ್ನುತ್ತೇನೆ.