ಇಂಜಿನ್ ದೀಪ ಹತ್ತಿದೊಡನೆ ಸೆನ್ಸರ್ ಬದಲಿಸಬೇಡಿ

ಪ್ರಶ್ನೆ: ನನ್ನದು 2009ರ ಪೆಟ್ರೋಲ್ ಕಾರು. ವೇಣೂರು ಮಾರ್ಗವಾಗಿ ಮೂಡುಬಿದಿರೆಗೆ ದಿನವೂ ಹೋಗಿಬರುತ್ತೇನೆ, ಆಗಾಗ ಬಂಟ್ವಾಳಕ್ಕೂ ಹೋಗುವುದುಂಟು. ಮಳೆಗಾಲ ಶುರುವಾದ ಮೇಲೆ ಇಂಜಿನ್ ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ಮೈಲೇಜೂ ಇಳಿದಿದೆ. ಗ್ಯಾರೇಜಿನಲ್ಲಿ ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಬೇಕು’ ಎನ್ನುತ್ತಾರೆ. ಅದು ನಿಜವಾಗಿ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ?
– ಓದುಗರು, ಬೆಳ್ತಂಗಡಿ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ. ದೀಪ ಹತ್ತತೊಡಗಿದ್ದು ಮಳೆ ಹಿಡಿದ ಮೇಲೆ, ಅದೂ ಬಿಟ್ಟುಬಿಟ್ಟು. ವಯಸ್ಸಾಗಿ ಸೋತ ಸೆನ್ಸರ್ ಸಾಮಾನ್ಯವಾಗಿ ಮಳೆ-ಬಿಸಿಲು ನೋಡಿ ಕೆಡುವುದಿಲ್ಲ. ಆದ್ದರಿಂದ ಸೆನ್ಸರಿಗೆ ದುಡ್ಡು ಹಾಕುವ ಮೊದಲು ಅದರ ವಯರು, ಕನೆಕ್ಟರು ಮತ್ತು ಹೊಗೆ ಪೈಪನ್ನು ನೋಡಿಸಿ.

ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಯೊಡನೆ ಹೋಲಿಸಿ, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಸೆನ್ಸರ್ ತಿಳಿಸುತ್ತದೆ. ಅದರಂತೆ ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜೆಕ್ಟರುಗಳನ್ನು ಸರಿಪಡಿಸುತ್ತದೆ. ಬಾಷ್ ಕಂಪನಿ ರೂಪಿಸಿದ ಈ ಸೆನ್ಸರ್ 1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ನಮ್ಮಲ್ಲಿ ಇದು ಮಾಮೂಲಾದದ್ದು 2000ದ ಆಸುಪಾಸಿನಲ್ಲಿ, ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂದಾಗ.

ಈ ಸೆನ್ಸರ್ ಹೊರಗಿನ ಗಾಳಿಯನ್ನೂ ಉಸಿರಾಡಬೇಕು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಲವು ಸೆನ್ಸರುಗಳಿಗೆ ಆ ಗಾಳಿ ವಯರಿನ ಎಳೆಗಳ ಸಂದಿನಿಂದಲೇ ಹೋಗುತ್ತದೆ. ಕನೆಕ್ಟರಿಗೆ ಕೆಸರುನೀರು ನುಗ್ಗಿದರೆ ಅಥವಾ ಯಾರಾದರೂ ಅದಕ್ಕೆ ಗ್ರೀಸ್ ತುಂಬಿಸಿದರೆ ಲೆಕ್ಕ ತಪ್ಪುತ್ತದೆ. ಪುಂಜಾಲಕಟ್ಟೆ, ಸಿದ್ಧಕಟ್ಟೆ ಕಡೆಯ ರಸ್ತೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ತಳ ಒಣಗುವುದೇ ಕಷ್ಟ. ಕನೆಕ್ಟರ್ ಬಿಚ್ಚಿ, ತೇವವಿದೆಯೇ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಅಡಿಕೆ ತೋಟದ ಬದಿಯ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಇಲಿ ಕಡಿದ ವಯರನ್ನೂ ಹುಡುಕಬೇಕು.

ಆಮೇಲೆ ಹೊಗೆ ಪೈಪು. ನಮ್ಮ ಕರಾವಳಿಯ ತೇವಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಸೆನ್ಸರಿಗಿಂತ ಮುಂದೆ, ಇಂಜಿನ್ ಕಡೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಸೆನ್ಸರ್ ಅದನ್ನು ‘ಪೆಟ್ರೋಲ್ ಸಾಲದು’ ಎಂದು ತಿಳಿಯುವುದರಿಂದ ಇಸಿಎಂ ಸುಮ್ಮನೆ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಇಳಿಯಲು ಇದೊಂದೇ ಸಾಕು. ಬೆಳಿಗ್ಗೆ ತಣ್ಣಗಿನ ಇಂಜಿನ್ ಚಾಲೂ ಮಾಡಿದಾಗ ‘ಟಿಕ್ ಟಿಕ್’ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಅಲ್ಲಿಯೇ ಸೋರಿಕೆ ಇರಬಹುದು.

ಸ್ಕ್ಯಾನರ್ ಹಾಕಿಸಿ ದೋಷದ ಕೋಡ್ ತೆಗೆಸಿದರೆ ಅದನ್ನು ಸರಿಯಾಗಿ ಓದಬೇಕು. ಪಿ0135 ಎಂದರೆ ಸೆನ್ಸರಿನ ಹೀಟರ್ ಸರ್ಕ್ಯೂಟಿನ ದೋಷ. ಅದಕ್ಕೆ ಫ್ಯೂಸ್ ಅಥವಾ ವಯರೂ ಕಾರಣವಿದ್ದೀತು. ಪಿ0171 ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದರ್ಥ. ಅದು ಸೆನ್ಸರ್ ಕೊಟ್ಟ ದೂರು, ಸೆನ್ಸರ್ ಮೇಲಿನ ದೂರಲ್ಲ. ವ್ಯಾಕ್ಯೂಮ್ ಹೋಸ್ ಸೀಳಿದ್ದರೆ, ಫ್ಯುಯೆಲ್ ಪಂಪ್ ಸೋತಿದ್ದರೆ ಹೊಸ ಸೆನ್ಸರ್ ಹಾಕಿದರೂ ಅದೇ ಕೋಡ್ ಮರಳಿ ಬರುತ್ತದೆ. ನಿಮ್ಮ ಕಾರಿನಷ್ಟು ಹಳೆಯ ಹಲವು ಮಾದರಿಗಳ ಜೊತೆ ಈಗಿನ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಮಾತಾಡುವುದಿಲ್ಲ. ಆ ಕಂಪನಿಯ ಕಾರು ಬಲ್ಲ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು.

ಇಷ್ಟಾದ ಮೇಲೆ ಸೆನ್ಸರಿನ ಪರೀಕ್ಷೆ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಜಿರ್ಕೋನಿಯಾ ಸೆನ್ಸರ್. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟದೆ ಅದು ಸರಿಯಾಗಿ ಕೆಲಸ ಮಾಡದು. ಆದ್ದರಿಂದ ಹತ್ತಿಪ್ಪತ್ತು ನಿಮಿಷ ಓಡಿಸಿ ತಂದು, ಇಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವಂತೆ ಹಿಡಿದು, ಡಿಜಿಟಲ್ ಮಲ್ಟಿಮೀಟರಿನಲ್ಲಿ ಸಿಗ್ನಲ್ ವಯರಿನ ವೋಲ್ಟೇಜ್ ನೋಡಬೇಕು. ಮುಳ್ಳಿನ ಹಳೇ ಮೀಟರ್ ಬಳಸಬಾರದು. ಸಿಗ್ನಲ್ ವಯರಿನ ಓಮ್ ಅಳೆಯಲೂಬಾರದು.

ಆರೋಗ್ಯವಂತ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಬಿಡುವಿಲ್ಲದೆ ಏರಿಳಿಯುತ್ತದೆ. ಆಕ್ಸಿಲರೇಟರ್ ತಟ್ಟನೆ ಒತ್ತಿದರೆ 0.8ಕ್ಕೆ ಹಾರಬೇಕು, ಬಿಟ್ಟೊಡನೆ 0.2ಕ್ಕಿಂತ ಕೆಳಗೆ ಬೀಳಬೇಕು. ಏರಿಳಿತ ನಿಧಾನವಾದರೆ ಸೆನ್ಸರಿಗೆ ವಯಸ್ಸಾಗಿದೆ. 0.45ರ ಸುತ್ತ ಅಲುಗಾಡದೆ ನಿಂತರೆ ವಯರು ತುಂಡಾಗಿರಬಹುದು ಅಥವಾ ಸೆನ್ಸರ್ ಬಿಸಿಯಾಗದೇ ಇರಬಹುದು. ಹೀಟರ್ ವಯರಿನಲ್ಲಿ 12 ವೋಲ್ಟ್ ಬರುತ್ತಿದೆಯೇ ಎಂದು ಆಗ ನೋಡಿಸಿ. ಸದಾ ಕೆಳಗೇ ಅಥವಾ ಸದಾ ಮೇಲೇ ಇದ್ದರೂ, ಒತ್ತಿ ಬಿಟ್ಟಾಗ ಸರಿಯಾಗಿ ಉತ್ತರಿಸಿದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ, ದೋಷ ಇಂಜಿನ್ನಿನಲ್ಲಿದೆ.

ಸೆನ್ಸರ್ ಬಿಚ್ಚಿದಾಗ ತುದಿಯನ್ನೂ ನೋಡಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಬಿಳಿ ಪುಡಿ ಕಂಡರೆ ಸಿಲಿಕೋನ್ ಸೀಲೆಂಟಿನ ಅಥವಾ ಕೂಲೆಂಟಿನ ಅಂಶ ಸೇರಿರಬಹುದು. ಆ ಮೂಲ ಮುಚ್ಚದಿದ್ದರೆ ಹೊಸ ಸೆನ್ಸರೂ ಹಾಳಾಗುತ್ತದೆ.

ಮೈಲೇಜ್ ಬಗ್ಗೆ ಇನ್ನೊಂದು ಮಾತು. ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಶಕ್ತಿ ಸ್ವಲ್ಪ ಕಡಿಮೆ, ಆಮ್ಲಜನಕ ಹೆಚ್ಚು. ಹಳೆಯ ಕಾರಿನ ಇಸಿಎಂ ಅದನ್ನು ಸರಿದೂಗಿಸಲು ಹೆಚ್ಚು ಇಂಧನ ಬಿಡಬೇಕಾಗುತ್ತದೆ. ಮೈಲೇಜಿನ ಕೊರತೆಯಲ್ಲಿ ಒಂದಂಶ ಇದರದ್ದೂ ಇರಬಹುದು.

ಹಾಗೆಂದು ದೀಪವನ್ನು ಅಲಕ್ಷ್ಯ ಮಾಡಬೇಡಿ. ಪೆಟ್ರೋಲ್ ಹೆಚ್ಚಾಗಿ ಹೋಗುತ್ತಲೇ ಇದ್ದರೆ ಸೆನ್ಸರಿಗಿಂತ ಎಷ್ಟೋ ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುತ್ತದೆ, ಹೊಗೆ ತಪಾಸಣೆಯಲ್ಲೂ ಕಾರು ಸೋಲುತ್ತದೆ. ಚಾರ್ಮಾಡಿ ಘಾಟಿ ಹತ್ತುವ ಯೋಚನೆಯಿದ್ದರೆ ರಿಪೇರಿ ಮುಗಿಸಿಕೊಂಡೇ ಹೊರಡಿ.

ನಾಳೆ ಗ್ಯಾರೇಜಿಗೆ ಹೋದಾಗ ಮೂರು ಮಾತು ಕೇಳಿ: ಯಾವ ಕೋಡ್ ಬಂದಿದೆ? ಕನೆಕ್ಟರ್ ಬಿಚ್ಚಿ ನೋಡಿದಿರಾ? ಬಿಸಿ ಇಂಜಿನ್ನಿನಲ್ಲಿ ವೋಲ್ಟೇಜ್ ಹೇಗೆ ಓಡುತ್ತಿದೆ? ಮೂರಕ್ಕೂ ಉತ್ತರ ಸಿಕ್ಕಿ, ಸೆನ್ಸರ್ ಸೋತಿದೆ ಎಂದು ಖಚಿತವಾದರೆ ಧಾರಾಳವಾಗಿ ಬದಲಿಸಿ. ವಯರು ಕೂಡಿಸುವುದಿದ್ದರೆ ಬೆಸುಗೆ ಹಾಕಿಸದೆ ಕ್ರಿಂಪ್ ಮಾಡಿಸಿ. ಆಗ ಗಾಳಿಯ ದಾರಿ ತೆರೆದೇ ಇರುತ್ತದೆ.